ಬಿಟ್ಟಿ ಕಟ್ಟಿಗೆ, ಎರಡು ಪೈಸೆ ಸಗಣಿ

ಗೋಬರ್ ಗ್ಯಾಸಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಟಲಿಯ ಒಂದು ಸರೋವರದ ದಂಡೆಯಿಂದ ಶುರು ಮಾಡುತ್ತಾರೆ. ನಾನೂ ಅಲ್ಲಿಂದಲೇ ಹೊರಡುತ್ತೇನೆ, ಆದರೆ ಬೇಗ ಅಡುಗೆಮನೆಗೆ ಬಂದುಬಿಡುತ್ತೇನೆ. 1776ರಲ್ಲಿ ಅಲೆಸಾಂದ್ರೋ ವೋಲ್ಟಾ ಎಂಬ ವಿಜ್ಞಾನಿ (ನಮ್ಮ ಮನೆಯ ವಿದ್ಯುತ್ತಿನ ವೋಲ್ಟೇಜಿಗೆ ಹೆಸರು ಕೊಟ್ಟವನು ಇವನೇ) ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕೆದಕಿದ. ಗುಳ್ಳೆಗಳು ಮೇಲೆ ಬಂದವು. ಬಾಟಲಿ ಬೋರಲು ಹಾಕಿ ಆ ಗಾಳಿಯನ್ನು ಹಿಡಿದು, ಬೆಂಕಿ ತೋರಿಸಿದ. ನೀಲಿಯಾಗಿ ಉರಿಯಿತು. ನೀರಿನಡಿಯಲ್ಲಿ ಕೊಳೆತ ಎಲೆ, ಕಡ್ಡಿ, ಹುಲ್ಲಿನಿಂದ ಹುಟ್ಟಿದ ಈ ಗಾಳಿಗೆ ಮುಂದೆ ಮೀಥೇನ್ ಎಂದು ಹೆಸರು ಬಂತು.

ನಮ್ಮ ದೇಶದಲ್ಲಿ ಈ ಗಾಳಿಯನ್ನು ಮೊದಲು ಕೆಲಸಕ್ಕೆ ಹಚ್ಚಿದ ಜಾಗ ಯಾವುದು ಗೊತ್ತೆ? ಮುಂಬಯಿಯ ಮಾಟುಂಗಾದಲ್ಲಿದ್ದ ಕುಷ್ಠರೋಗಿಗಳ ಆಶ್ರಮ. 1897ರಲ್ಲಿ ಅಲ್ಲಿನ ಪಾಯಿಖಾನೆಯ ಗುಂಡಿಯಿಂದ ಗ್ಯಾಸು ತೆಗೆದು ದೀಪ ಹಚ್ಚಿದರು. ಊರೊಳಗೆ ಸೇರಿಸದ ಜನರ ಮನೆಯಲ್ಲಿ, ಯಾರೂ ಮುಟ್ಟದ ವಸ್ತುವಿನಿಂದ ಬೆಳಕು ಹುಟ್ಟಿತು. ಅದಕ್ಕೆ ಎರಡು ವರ್ಷ ಮೊದಲು ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಹೊಲಸು ನೀರಿನ ಗ್ಯಾಸಿನಿಂದ ಬೀದಿದೀಪ ಉರಿಸಿದ್ದರು. ಅಂದರೆ ವಿಲಾಯತಿಗೂ ನಮಗೂ ಇದ್ದ ಅಂತರ ಎರಡೇ ವರ್ಷ. ದೀಪದಿಂದ ಒಲೆಗೆ ಬರುವುದಕ್ಕೆ ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಅನಿಸುವುದುಂಟು, ಬೀದಿಯ ಕತ್ತಲೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಡುಗೆಮನೆಯ ಹೊಗೆ ಒಳಗಿದ್ದವಳ ಕಣ್ಣಿಗೆ ಮಾತ್ರ.

ಆ ಹೊಗೆಯ ವಿಷಯ ಸ್ವಲ್ಪ ಹೇಳಲೇಬೇಕು. ನನ್ನ ತವರುಮನೆ ಶಿರಸಿಯ ಕಡೆಯ ಒಂದು ಹಳ್ಳಿ. ಅಡಿಕೆ ತೋಟ, ಅದಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟ, ಕೊಟ್ಟಿಗೆಯ ತುಂಬ ದನ. ಮಳೆಗಾಲ ಅಂದರೆ ನಾಲ್ಕು ತಿಂಗಳು ಬಿಡದೆ ಹೊಯ್ಯುವ ಮಳೆ. ಬೇಸಿಗೆಯಲ್ಲಿ ಒಟ್ಟಿಟ್ಟ ಕಟ್ಟಿಗೆ ಕೂಡ ಆಷಾಢದ ಹೊತ್ತಿಗೆ ತಂಪು ಹೀರಿಕೊಂಡು, ಒಲೆಗೆ ಹಾಕಿದರೆ ತುದಿಯಿಂದ ನೊರೆ ಬಿಡುತ್ತಿತ್ತು. ಆಯಿ ಊದುಕೊಳವೆ ಹಿಡಿದು ಕೂತರೆ ಅವಳ ಮುಖ ಕಾಣಿಸುತ್ತಿರಲಿಲ್ಲ, ಕೆಮ್ಮು ಕೇಳಿಸುತ್ತಿತ್ತು. ನಾವು ಮಕ್ಕಳು ಹೊಗೆ ಕೆಳಗಿರುವುದಿಲ್ಲವೆಂದು ನೆಲಕ್ಕೆ ಬಗ್ಗಿಯೇ ಒಳಗೆ ಹೋಗಿ ಬಟ್ಟಲು ಹಿಡಿದು ಬರುತ್ತಿದ್ದೆವು. ನಲವತ್ತು ದಾಟುವುದರೊಳಗೆ ಅವಳ ಕಣ್ಣು ಸದಾ ಕೆಂಪು. ಊರಿನ ಹೆಂಗಸರೆಲ್ಲರ ಕಣ್ಣೂ ಹಾಗೇ ಇದ್ದುದರಿಂದ ಅದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಲೆಕ್ಕಕ್ಕೆ ಹಿಡಿದವನೊಬ್ಬ ದೂರದಿಂದ ಬಂದ. ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಇಲ್ಲಿನ ಸಹೋದ್ಯೋಗಿಗಳೊಡನೆ ಗುಜರಾತಿನ ನಾಲ್ಕು ಹಳ್ಳಿಗಳಿಗೆ ಹೋಗಿ, ಒಲೆಯ ಮುಂದೆ ಕೂತ ಹೆಂಗಸರ ಮೈಗೇ ಸಣ್ಣ ಯಂತ್ರ ಕಟ್ಟಿ, ಅವರು ಉಸಿರಾಡುವ ಗಾಳಿಯನ್ನು ಅಳೆದ. ಒಂದು ಘನ ಮೀಟರ್ ಗಾಳಿಯಲ್ಲಿ ಸರಾಸರಿ 7 ಮಿಲಿಗ್ರಾಂ ಸಮೀಪ ಹೊಗೆಯ ಕಣಗಳು ಸಿಕ್ಕವು. ಇಂದು ನಮ್ಮ ದೇಶದಲ್ಲಿ ಊರಿನ ಗಾಳಿಯ ಸಣ್ಣ ದೂಳಿಗೆ ಇಟ್ಟಿರುವ ದಿನದ ಮಿತಿ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ. ಎರಡೂ ಅಳತೆ ತದ್ವತ್ ಒಂದೇ ಅಲ್ಲ, ಆದರೂ ಅಂದಾಜು ಸಿಗುತ್ತದಲ್ಲ. ಅಲ್ಲಿಯವರೆಗೆ ಗಾಳಿಯ ಮಾಲಿನ್ಯ ಎಂದರೆ ಕಾರ್ಖಾನೆಯ ಚಿಮಣಿ, ಲಾರಿಯ ಹೊಗೆ ಎಂದೇ ತಿಳಿದಿದ್ದ ಪಂಡಿತರು ಆಮೇಲೆ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇನ್ನು ಗ್ಯಾಸಿನ ಕಥೆಗೆ ಬರೋಣ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿ ಎಂಬವರು 1939ರ ಸುಮಾರಿಗೆ ಸಗಣಿಯಿಂದ ಗ್ಯಾಸು ತೆಗೆಯುವ ಪ್ರಯೋಗ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಜಶಭಾಯಿ ಪಟೇಲರು ಬಾವಿಯಂಥ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ಮು ಕವುಚಿ, ಗ್ಯಾಸು ತುಂಬಿದಂತೆ ಡ್ರಮ್ಮು ಮೇಲೇಳುವ, ಖಾಲಿಯಾದಂತೆ ಇಳಿಯುವ ಮಾದರಿಯನ್ನು ರೂಪಿಸಿದರು. ಅರವತ್ತರ ದಶಕದ ಆರಂಭದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ಅದನ್ನು ಒಪ್ಪಿಕೊಂಡು ಊರೂರಿಗೆ ಒಯ್ಯಲು ಹೊರಟಿತು.

ಗುಂಡಿಯೊಳಗೆ ನಡೆಯುವುದೇನೆಂದು ನಮಗೆ ವಿವರಿಸುವುದು ಕಷ್ಟವಲ್ಲ. ದೋಸೆ ಹಿಟ್ಟು ಹುದುಗು ಬಂದು ಉಬ್ಬುವುದನ್ನು ದಿನಾ ನೋಡುವವರು ನಾವು. ಸಗಣಿಗೆ ಸಮ ನೀರು ಹಾಕಿ ಕಲಸಿ ಗುಂಡಿಗೆ ಬಿಟ್ಟರೆ, ಗಾಳಿಯಾಡದ ಆ ಕತ್ತಲೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೆಲಸಕ್ಕೆ ಇಳಿಯುತ್ತವೆ. ಒಂದು ಗುಂಪಿನವು ಹುಲ್ಲಿನ ನಾರು, ಪಿಷ್ಟವನ್ನೆಲ್ಲ ಒಡೆದು ಹುಳಿ ಮಾಡುತ್ತವೆ. ಇನ್ನೊಂದು ಗುಂಪಿನವು ಆ ಹುಳಿಯನ್ನು ತಿಂದು ಮೀಥೇನ್ ಬಿಡುತ್ತವೆ. ಮೊದಲನೆಯವು ಚುರುಕು, ಎರಡನೆಯವು ನಿಧಾನ. ಒಂದೇ ದಿನ ಆಸೆಯಿಂದ ಅನ್ನ, ಮಜ್ಜಿಗೆ, ಹಲಸಿನ ಸಿಪ್ಪೆ ಎಲ್ಲ ಸುರಿದರೆ ಹುಳಿ ಹೆಚ್ಚಾಗಿ ಗುಂಡಿ ಕೆಡುತ್ತದೆ, ಗ್ಯಾಸು ನಿಲ್ಲುತ್ತದೆ. ಚಳಿಯಲ್ಲಿ ಹಿಟ್ಟು ಹುದುಗು ಬಾರದ ಹಾಗೆ ಚಳಿಗಾಲದಲ್ಲಿ ಗ್ಯಾಸೂ ಕಡಿಮೆ. ಬರುವ ಗಾಳಿಯಲ್ಲಿ ಐದರಲ್ಲಿ ಮೂರು ಪಾಲಿನಷ್ಟು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈ ಆಕ್ಸೈಡ್. ಕೊಳೆತ ಮೊಟ್ಟೆಯ ವಾಸನೆ ಕೊಡುವ ಗಂಧಕದ ಅನಿಲ ಚೂರು. ಹಚ್ಚಿದರೆ ಆ ವಾಸನೆಯೂ ಇಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ಜಾಣತನ ಕಾಣುವುದು ಬೇರೆ ಕಡೆ. ಬೆರಣಿ ತಟ್ಟಿ ಸುಟ್ಟರೆ ಸಗಣಿಯಲ್ಲಿದ್ದ ಸಾರಜನಕ, ಅಂದರೆ ಗಿಡಕ್ಕೆ ಬೇಕಾದ ಸತ್ವ, ಹೊಗೆಯ ಜೊತೆ ಹೋಗುತ್ತದೆ, ಉಳಿಯುವುದು ಬೂದಿ. ಗುಂಡಿಗೆ ಹಾಕಿದರೆ ಉರಿಯುವ ಅಂಶ ಮಾತ್ರ ಗ್ಯಾಸಾಗಿ ಬಂದು, ಗೊಬ್ಬರದ ಅಂಶ ಬಗ್ಗಡದಲ್ಲೇ ಉಳಿಯುತ್ತದೆ. ಮೊಸರು ಕಡೆದು ಬೆಣ್ಣೆ ತೆಗೆದುಕೊಂಡ ಮೇಲೂ ಮಜ್ಜಿಗೆ ಉಳಿದ ಹಾಗೆ.

ಆದರೆ ಯೋಜನೆಯ ಕರಪತ್ರದಲ್ಲಿ ಒಂದು ಸಾಲು ಇರುತ್ತಿತ್ತು: ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಒಂದು ಸಂಸಾರದ ಅಡುಗೆಗೆ ಇಷ್ಟು ಬೇಕು. ಓದಲು ಸುಲಭ. 50 ಲೀಟರ್ ನೀರೆಂದರೆ ಮೂರು ನಾಲ್ಕು ಕೊಡ. ಕೊಟ್ಟಿಗೆಯಿಂದ ಸಗಣಿ ಬಾಚುವವರು ಯಾರು, ನೀರು ಹೊರುವವರು ಯಾರು, ಎರಡನ್ನೂ ಗಂಟಿಲ್ಲದಂತೆ ಕೈಯಲ್ಲಿ ಕಲಸುವವರು ಯಾರು ಎಂದು ಕರಪತ್ರ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಯಾರಿಗೂ ಕಂಡಿರಲಿಲ್ಲ.

1973ರಲ್ಲಿ ಅರಬ್ ದೇಶಗಳು ಎಣ್ಣೆಯ ನಲ್ಲಿ ಬಿಗಿ ಮಾಡಿದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಾಯಿತು. ಆಗ ಸರ್ಕಾರಗಳಿಗೆ ಸಗಣಿಯ ನೆನಪು ಜೋರಾಗಿ ಬಂತು. 1981-82ರಲ್ಲಿ ಸಬ್ಸಿಡಿ ಕೊಡುವ ರಾಷ್ಟ್ರೀಯ ಯೋಜನೆ ಶುರುವಾಯಿತು. 1984ರಲ್ಲಿ ಡ್ರಮ್ಮಿಲ್ಲದ, ಇಟ್ಟಿಗೆಯ ಗುಮ್ಮಟದ ದೀನಬಂಧು ಮಾದರಿ ಬಂದು ಖರ್ಚು ಇಳಿಯಿತು. ಪಟ್ಟಣದಲ್ಲಿದ್ದವರಿಗೆ ಆ ಕಾಲ ನೆನಪಿರಬೇಕು. ಸಿಲಿಂಡರ್ ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು, ಅಲ್ಲಿಯತನಕ ಸೀಮೆಎಣ್ಣೆಯ ಸಾಲು. ಹಳ್ಳಿಯವರಿಗೆ ಹೆಸರು ಬರೆಸುವ ಜಾಗವೂ ಇರಲಿಲ್ಲ.

ನಮ್ಮ ಮನೆಗೆ ಗೋಬರ್ ಗ್ಯಾಸ್ ಬಂದದ್ದು 1983ರಲ್ಲಿ. ತೋಡಿದ್ದು ಕೊಟ್ಟಿಗೆಯ ಹಿಂದೆ. ಹಾಕಿಸಬೇಕೆಂದು ಆಯಿ ಮೂರು ವರ್ಷದಿಂದ ಹೇಳುತ್ತಿದ್ದಳು. ಅಪ್ಪಯ್ಯನ ಮನಸ್ಸು ತಿರುಗಿದ್ದು ಅವಳ ಕಣ್ಣು ನೋಡಿ ಅಲ್ಲ. ನೆಂಟರೊಬ್ಬರ ತೋಟದಲ್ಲಿ ಬಗ್ಗಡ ಬಿಟ್ಟ ಅಡಿಕೆ ಮರಗಳನ್ನು ನೋಡಿಕೊಂಡು ಬಂದ ಮೇಲೆ. "ಗೊಬ್ಬರಕ್ಕೇನೂ ಕಡಿಮೆ ಬೀಳುವುದಿಲ್ಲವಂತೆ, ಮೇಲಿಂದ ಒಲೆಯೂ ಉರಿಯುತ್ತದಂತೆ" ಎಂದು ಊಟದ ಹೊತ್ತಿಗೆ ಹೇಳಿದರು. ಮೇಲಿಂದ! ಆಯಿ ಏನೂ ಮಾತಾಡದೆ ಇನ್ನೊಂದು ಸೌಟು ಸಾರು ಬಡಿಸಿದಳು. ಅಜ್ಜಿಯದು ಬೇರೆ ಚಿಂತೆ. ಹೊಗೆಯಿಲ್ಲದಿದ್ದರೆ ಮಾಡಿನ ಮರಕ್ಕೆ ಹುಳ ಹಿಡಿಯುತ್ತದೆ, ಅಟ್ಟದ ಮೇಲಿನ ಅಡಿಕೆ ಬೂಸಲು ಬರುತ್ತದೆ, ಸೊಳ್ಳೆ ಹೆಚ್ಚುತ್ತದೆ ಎಂದು. ಅದು ಬರೀ ಹಟವಲ್ಲ, ಅದರಲ್ಲಿ ನಿಜವೂ ಇತ್ತು. ಹೊಗೆ ಕಾಯುತ್ತಿದ್ದುದನ್ನು ಬೇರೆ ದಾರಿಯಲ್ಲಿ ಕಾಯಬೇಕಾಯಿತು. ಬಚ್ಚಲ ಒಲೆ ಹೇಗೂ ಕಟ್ಟಿಗೆಯದೇ ಆಗಿ ಉಳಿಯಿತು, ಅಜ್ಜಿ ಸಮಾಧಾನ ಪಟ್ಟಳು.

ಗುಂಡಿ ತುಂಬಿಸಿ ವಾರಗಟ್ಟಲೆ ಕಾದ ಮೇಲೆ ಒಂದು ಸಂಜೆ ಒಲೆ ಹತ್ತಿತು. ಕಡ್ಡಿ ಗೀರಿದ ಕೂಡಲೇ ಸುತ್ತಲೂ ಹರಡಿದ ಆ ನೀಲಿ ಬಣ್ಣವನ್ನು ಆಯಿ ಸುಮಾರು ಹೊತ್ತು ನೋಡುತ್ತ ನಿಂತಿದ್ದಳು. ಆಮೇಲೆ ಹಾಲು ಕಾಯಿಸಿದಳು. ಪಾತ್ರೆಯ ತಳ ಎತ್ತಿ ನೋಡಿದಳು, ಮಸಿ ಇರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಅವಳಿಗೆ ಮಧ್ಯಾಹ್ನ ಬಿಡುವಾಗತೊಡಗಿತು. ಪಾತ್ರೆ ಬೂದಿ ಹಾಕಿ ತಿಕ್ಕುವ ಕೆಲಸವೇ ಒಂದು ಗಂಟೆಯಷ್ಟು ಇಳಿದಿತ್ತು. ಹಳೆಯ ಪತ್ರಿಕೆಗಳ ಕಥೆ ಓದುವ ಚಟ ಹತ್ತಿದ್ದು ಆಗಲೇ.

ಶಿರಸಿ ಸೀಮೆಯಲ್ಲಿ ಇಂಥ ಸ್ಥಾವರಗಳು ಮನೆಮನೆಗೂ ಎನ್ನುವಂತೆ ಹಬ್ಬಿದವು. ಸರ್ಕಾರದ ಲೆಕ್ಕಕ್ಕೆಂದು ಕಟ್ಟಿ ಹಾಳುಬಿದ್ದ ಗುಂಡಿಗಳು ದೇಶದ ಉದ್ದಕ್ಕೂ ಇದ್ದ ಕಾಲದಲ್ಲಿ, ಬೆಂಗಳೂರಿನ ವಿಜ್ಞಾನಿಗಳು ಶಿರಸಿಯ ಕೆಲವು ಹಳ್ಳಿಗಳನ್ನು ಅಭ್ಯಾಸ ಮಾಡಿ 2001ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಲ್ಲಿ ಅವರು ನೋಡಿದ ಎಲ್ಲ ಸ್ಥಾವರಗಳೂ ನಡೆಯುತ್ತಿದ್ದವು. ಕಾರಣ ಹುಡುಕಿದರೆ, ಕಟ್ಟಿಕೊಟ್ಟ ಗುತ್ತಿಗೆದಾರರು ಸ್ಥಳೀಯರು, ಕೆಟ್ಟರೆ ಬಂದು ಸರಿಮಾಡಿಕೊಡುವ ಭರವಸೆ ಕೊಟ್ಟವರು. ಇಷ್ಟು ಆ ಲೇಖನದ ಮಾತು. ಅದರ ಜೊತೆಗೆ ನಾನು ಸೇರಿಸುವುದು, ಅಲ್ಲಿ ದನ ಕೊಟ್ಟಿಗೆಯಲ್ಲಿ ಕಟ್ಟುವ ರೂಢಿ ಇತ್ತು, ಹಿತ್ತಿಲಲ್ಲೇ ನೀರಿತ್ತು. ಮತ್ತು ಗಂಡಸರ ತೋಟಕ್ಕೆ ಬೇಕಾದದ್ದು, ಹೆಂಗಸರ ಒಲೆಗೆ ಬೇಕಾದದ್ದು ಎರಡೂ ಒಂದೇ ಗುಂಡಿಯಿಂದ ಬಂದವು. ಎರಡನೆಯದೊಂದೇ ಆಗಿದ್ದರೆ ಎಷ್ಟು ಮನೆಯವರು ತೋಡಿಸುತ್ತಿದ್ದರೋ.

ಈ ಅನುಮಾನ ನನಗೆ ಬಲವಾದದ್ದು ತುಮಕೂರಿಗೆ ಬಂದ ಮೇಲೆ. ಯಜಮಾನರ ನೌಕರಿಯ ಕಾರಣಕ್ಕೆ ಅಲ್ಲಿ ಹಲವು ವರ್ಷ ಇದ್ದೆವು. ಅದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಚಿಕ್ಕ ಹಳ್ಳಿಯಿದೆ. ಸುಮಾರು ಐನೂರು ಜನರ ಈ ಊರಿನ ಹೆಸರು ಜಗತ್ತಿನ ಹಲವು ಪುಸ್ತಕಗಳಲ್ಲಿದೆ, ಆದರೆ ನಮ್ಮಲ್ಲಿ ಬಹಳ ಮಂದಿ ಕೇಳಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಎಂಬ ರಸಾಯನ ವಿಜ್ಞಾನಿ ಇದ್ದರು. ದೊಡ್ಡ ವಿದ್ವಾಂಸರು, ಅವರ ಪಠ್ಯಪುಸ್ತಕ ಹೊರದೇಶಗಳಲ್ಲೂ ಓದುತ್ತಿದ್ದರು. ಈ ವಿದ್ಯೆಯಿಂದ ಹಳ್ಳಿಗೇನು ಬಂತು ಎಂಬ ಪ್ರಶ್ನೆ ಅವರನ್ನು ಹಿಡಿಯಿತು. 1974ರಲ್ಲಿ ಅವರೂ ಗೆಳೆಯರೂ ಸೇರಿ ಗ್ರಾಮಗಳಿಗಾಗಿ ವಿಜ್ಞಾನ ತಂತ್ರಜ್ಞಾನ ಎಂಬ ಕೇಂದ್ರ ಕಟ್ಟಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿದರೆ 'ಅಸ್ತ್ರ' ಎಂದಾಗುತ್ತಿತ್ತು. ಮೂರು ಪಾತ್ರೆ ಕೂರುವ, ಹೊಗೆಕೊಳವೆಯ ಅಸ್ತ್ರ ಒಲೆ ನಿಮ್ಮ ತವರಿನಲ್ಲೂ ಇದ್ದಿರಬಹುದು, ಅದು ಇಲ್ಲಿಯದೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಪುರ ಅದರ ಹತ್ತಿರದ ಊರು.

ಅವರು ಮೊದಲು ಮಾಡಿದ ಕೆಲಸ ನನಗೆ ಬಹಳ ಮೆಚ್ಚಿಗೆಯದು. ಊರಿನಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಮೈ ದುಡಿಸುತ್ತಾರೆಂದು ಕೂತು ಲೆಕ್ಕ ಬರೆದರು. ಸೌದೆ ತರುವುದಕ್ಕೆ ಒಂದೊಂದು ಮನೆಗೆ ದಿನಕ್ಕೆ ಎರಡೂವರೆ ಗಂಟೆಗೂ ಮಿಕ್ಕಿ, ನೀರು ತರಲು ಸುಮಾರು ಒಂದೂವರೆ ಗಂಟೆ. ಅಡುಗೆ, ದನ ಕಾಯುವುದು, ಬೇಸಾಯ ಎಲ್ಲ ಕೂಡಿಸಿ ಊರಿನ ಜನ ದುಡಿಯುವ ಒಟ್ಟು ಗಂಟೆಗಳಲ್ಲಿ ಹೆಂಗಸರ ಪಾಲು 53, ಗಂಡಸರದು 31, ಮಕ್ಕಳದು 16. ನೂರಕ್ಕೆ ಐವತ್ತಮೂರು! ಇದನ್ನು ನಾವು ಮೊದಲೇ ಬಲ್ಲೆವು ಅನ್ನಿ. ಆದರೆ ಬಲ್ಲದ್ದು ಬೇರೆ, ಅಂಕಿಯಾಗಿ ಅಚ್ಚಾದದ್ದು ಬೇರೆ.

ಆಮೇಲೆ ಊರಿಗೆಲ್ಲ ಒಂದೇ ದೊಡ್ಡ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಬಡವರ ಮನೆಯಲ್ಲಿ ನಾಲ್ಕೈದು ದನ ಇರುವುದಿಲ್ಲ, ಒಂಟಿಯಾಗಿ ಕಟ್ಟಿಸಲು ಆಗುವುದಿಲ್ಲ, ಆದ್ದರಿಂದ ಊರೊಟ್ಟಿಗೆ ಎಂಬುದು ಯೋಚನೆ. ಸಗಣಿ ಎಲ್ಲರದೂ, ಗ್ಯಾಸು ಎಲ್ಲರ ಒಲೆಗೂ. ಅದು ನಡೆಯಲಿಲ್ಲ. ಅಲ್ಲಿಯ ದನ ಹಗಲೆಲ್ಲ ಬಯಲಿನಲ್ಲಿ ಮೇಯುವಂಥವು, ಸಗಣಿ ಬಯಲಿಗೇ ಬೀಳುತ್ತಿತ್ತು. ಸಿಕ್ಕಿದ್ದನ್ನು ಹೊತ್ತು ತರುವ ಉತ್ಸಾಹವೂ ಹೆಂಗಸರಲ್ಲಿ ಕಾಣಲಿಲ್ಲ. ಎಲ್ಲರ ಅಡುಗೆಗೆ ಸಾಲುವಷ್ಟು ಗ್ಯಾಸು ಆಗಲಿಲ್ಲ.

ಇಂಥ ಕಡೆ ಸಾಮಾನ್ಯವಾಗಿ ಬರುವ ಮಾತು, "ಹಳ್ಳಿಯವರಿಗೆ ತಿಳಿವಳಿಕೆ ಸಾಲದು" ಎಂಬುದು. ರೆಡ್ಡಿಯವರು ಹಾಗೆನ್ನದೆ ಹಿಂದಿರುಗಿ ಕೇಳಿದರು. ಸೌದೆಗೆ ನಾವು ಕಾಸು ಕೊಡುವುದಿಲ್ಲ, ಅದು ಹೇಗೋ ನಡೆಯುತ್ತದೆ, ನಮಗೆ ಮೊದಲು ಬೇಕಾದದ್ದು ಕುಡಿಯುವ ನೀರು ಎಂಬ ಉತ್ತರ ಬಂತು.

ನಮ್ಮ ಪಕ್ಕದ ಮನೆಯಲ್ಲೊಬ್ಬರು ಅಜ್ಜಿ ಇದ್ದರು, ಕುಣಿಗಲ್ ಕಡೆಯಿಂದಲೇ ಮದುವೆಯಾಗಿ ಬಂದವರು. ಪುರದ ಕಥೆ ಓದಿ ಅವರಿಗೆ ಹೇಳಿದೆ, ಗ್ಯಾಸು ಕೊಡುತ್ತೇವೆ ಅಂದರೂ ಬೇಡ ಅಂದರಂತಲ್ಲ ಅಜ್ಜಿ ಎಂದು. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲೂ ಇಲ್ಲ. "ಸೌದೆಗೇನು ಕಣಮ್ಮ, ಬೇಲಿ ಐತೆ, ಸೊಂಟ ಐತೆ. ಒಣಗಿದ್ದು ಇಲ್ಲದಿದ್ರೆ ಹಸೀದೇ ಉರಿಸ್ತೀವಿ. ನೀರು ಇಲ್ಲದಿದ್ರೆ ಏನ್ ಉರಿಸೋದು? ಆ ಗುಂಡಿಗೂ ನೀರು ಉಯ್ಯಬೇಕು ಅಂತೀಯಲ್ಲ, ಅದನ್ನ ಹೊರೋರು ಯಾರು, ಅವರಪ್ಪನಾ?" ಎಂದರು. ಕರಪತ್ರ ಬಿಟ್ಟುಬಿಟ್ಟಿದ್ದ ಸಾಲನ್ನು ಅವರು ಒಂದೇ ಉಸಿರಿಗೆ ಓದಿಬಿಟ್ಟರು.

ಪುರದಲ್ಲಿ ಯೋಜನೆ ತಿರುವು ತೆಗೆದುಕೊಂಡಿತು. ಒಲೆಗೆ ಸಾಲದ ಗ್ಯಾಸನ್ನು ಎಂಜಿನ್ನಿಗೆ ಕೊಟ್ಟರು. ಅದು ಸ್ವಲ್ಪ ಡೀಸೆಲ್ಲು, ಹೆಚ್ಚಿನಂಶ ಗೋಬರ್ ಗ್ಯಾಸು ಕುಡಿದು ಓಡುವ 5 ಕಿಲೋವ್ಯಾಟಿನ ಜನರೇಟರು. ಅದರ ಕರೆಂಟಿನಿಂದ ಕೊಳವೆ ಬಾವಿಯ ಪಂಪು ನಡೆದು, ನೀರು ಮೇಲಿನ ಟ್ಯಾಂಕಿಗೆ ಏರಿ, ಬೀದಿಯ ನಲ್ಲಿಗೆ ಇಳಿಯಿತು. ಸಂಜೆ ಮನೆಗಳಿಗೆ ಟ್ಯೂಬ್‌ಲೈಟು. 1987ರಿಂದ ಹೀಗೆ ನಡೆಯತೊಡಗಿತು. ನಡೆಸುತ್ತಿದ್ದವರು ಊರಿನದೇ ಇಬ್ಬರು ಹುಡುಗರು, ಮೇಲ್ವಿಚಾರಣೆಗೆ ಊರಿನದೇ ಸಭೆ.

ಇನ್ನೊಂದು ಸಣ್ಣ ಏರ್ಪಾಡು ಮಾಡಿದ್ದರು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅದೇ ದೊಡ್ಡದು. ಬೆಳಿಗ್ಗೆ ಸಗಣಿ ತಂದವರ ಬುಟ್ಟಿ ತೂಗಿ, ಕಿಲೋಗೆ ಎರಡು ಪೈಸೆಯಂತೆ ಹೊತ್ತು ತಂದ ಕೂಲಿ ಕೊಡುವುದು. ಸಗಣಿಯ ಬೆಲೆಯಲ್ಲ, ಏಕೆಂದರೆ ಸಗಣಿಯ ಗೊಬ್ಬರ ದನದ ಯಜಮಾನನಿಗೆ ವಾಪಸು ಹೋಗುತ್ತಿತ್ತು. ಬಗ್ಗಡ ನೀರುನೀರಾಗಿದ್ದರೆ ಬುಟ್ಟಿಯಲ್ಲಿ ಹೊರಲಾಗುವುದಿಲ್ಲ ಎಂದು ಮರಳಿನ ಹಾಸಿನ ಮೇಲೆ ಸೋಸಿ, ಮತ್ತೆ ಸಗಣಿಯಷ್ಟೇ ಗಟ್ಟಿ ಮಾಡಿ ಕೊಡುತ್ತಿದ್ದರು. ಇದನ್ನು ಯೋಚಿಸಿದವರು ಹೊರುವವಳ ತಲೆಯ ಮೇಲಿನ ಬುಟ್ಟಿಯನ್ನು ಕಣ್ಣಿಟ್ಟು ನೋಡಿದವರೇ ಇರಬೇಕು. ಗೊಬ್ಬರ ಗಂಡಸಿನ ಹೊಲಕ್ಕೆ, ಎರಡು ಪೈಸೆ ಹೊತ್ತು ತಂದ ಹೆಂಗಸು ಮಕ್ಕಳ ಕೈಗೆ. ಹತ್ತು ಕಿಲೋ ತಂದರೆ ಇಪ್ಪತ್ತು ಪೈಸೆ. ಆ ಕಾಲಕ್ಕೂ ಅದು ದೊಡ್ಡ ಮೊತ್ತವಲ್ಲ. ಆದರೆ ಹುಟ್ಟಿದಾಗಿನಿಂದ ಸಗಣಿ ಬಾಚಿದವಳಿಗೆ ಆ ಕೆಲಸವೂ ಕೂಲಿಯಿರುವ ಕೆಲಸ ಎಂದು ಯಾರಾದರೂ ಹೇಳಿದ್ದು ಅದೇ ಮೊದಲಿರಬೇಕು.

ಕಟ್ಟಿಗೆ ಬಿಟ್ಟಿ ಎಂದು ನಾವೆಲ್ಲ ಹೇಳುತ್ತ ಬಂದದ್ದು ಎಂಥ ಮಾತು ನೋಡಿ. ಪುರದ ಲೆಕ್ಕದಲ್ಲೇ ಅದಕ್ಕೆ ದಿನಕ್ಕೆ ಎರಡೂವರೆ ಗಂಟೆ ಬೆಲೆ ಬಿದ್ದಿದೆ. ಆ ಗಂಟೆಗಳು ಯಾರ ಕಿಸೆಯಿಂದಲೂ ಹೋಗುವುದಿಲ್ಲ, ಕಿಸೆಯಿಲ್ಲದ ಸೀರೆಯವಳಿಂದ ಹೋಗುತ್ತವೆ, ಅದಕ್ಕೇ ಅದು ಬಿಟ್ಟಿ. ಬಿಟ್ಟಿಯದಕ್ಕೆ ಬದಲಿ ಕೊಡುತ್ತೇವೆಂದರೆ ಮನೆಯ ಯಜಮಾನ ದುಡ್ಡು ಏಕೆ ಬಿಚ್ಚುತ್ತಾನೆ? ನೂರು ವರ್ಷದಿಂದ ಕೈಯಲ್ಲಿದ್ದ ವಿದ್ಯೆ ಒಲೆಗೆ ಬರಲು ತಡವಾದದ್ದಕ್ಕೆ ಕಬ್ಬಿಣದ ಬೆಲೆ, ಸಿಮೆಂಟಿನ ಕೊರತೆ ಎಂದು ಹಲವು ಕಾರಣ ಬರೆಯುತ್ತಾರೆ. ಅವೂ ನಿಜವೇ. ನಾನು ಮಾತ್ರ ಈ ಬಿಟ್ಟಿಯನ್ನು ಮೊದಲು ಬರೆಯುತ್ತೇನೆ.

ಪುರದ ಎಂಜಿನ್ನು ಬಹುಕಾಲ ಬಾಳಲಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದು ನಿಂತಿತ್ತು. ರೆಡ್ಡಿಯವರು ತೀರಿಕೊಳ್ಳುವ ಎರಡು ವರ್ಷ ಮೊದಲು, 2004ರಲ್ಲಿ, ಪುರದಿಂದ ಕಲಿತ ಪಾಠಗಳೆಂದು ಒಂದು ಲೇಖನ ಬರೆದರು. ತಮ್ಮ ಯೋಜನೆ ನಿಂತ ಮೇಲೆ ಅದರ ಬಗ್ಗೆ ಕೂತು ಬರೆಯುವ ಧೈರ್ಯ ಎಲ್ಲ ದೊಡ್ಡವರಿಗೂ ಬರುವಂಥದಲ್ಲ.

2016ರಲ್ಲಿ ಉಜ್ವಲಾ ಯೋಜನೆ ಬಂತು. ಬಡ ಮನೆಯ ಹೆಂಗಸಿನ ಹೆಸರಿಗೇ ಸಿಲಿಂಡರು. ಈವರೆಗೆ 10 ಕೋಟಿ ಮನೆ ದಾಟಿದೆ. ಹೆಂಗಸಿನ ಹೆಸರಿಗೆ ಎಂಬುದು ಸಣ್ಣ ಮಾತಲ್ಲ, ನಮ್ಮ ಗೋಬರ್ ಗ್ಯಾಸಿನ ಸಾಲದ ಕಾಗದದಲ್ಲಿ ಆಯಿಯ ಹೆಸರು ಎಲ್ಲೂ ಇರಲಿಲ್ಲ. ಆದರೆ ಮೊದಲ ಸಿಲಿಂಡರು ಮುಗಿದ ಮೇಲೆ ಎರಡನೆಯದಕ್ಕೆ ಕಾಸು ಹೊಂದಿಸಲಾಗದೆ ಮೂಲೆಯಲ್ಲಿ ಸೌದೆ ಒಲೆ ಇಟ್ಟುಕೊಂಡ ಮನೆಗಳನ್ನು ನಾನು ತುಮಕೂರಿನ ಸುತ್ತ ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಮತ್ತೆ ಅದೇ ತಕ್ಕಡಿ. ಒಂದು ಕಡೆ ನೂರಾರು ರೂಪಾಯಿ, ಇನ್ನೊಂದು ಕಡೆ ಬೇಲಿಯ ಬಿಟ್ಟಿ ಸೌದೆ.

ಸಗಣಿಗೆ ಈಗ ಮತ್ತೆ ಕಾಲ ಬಂದಿದೆ. 2018ರಿಂದೀಚೆಗೆ ಸಗಣಿ, ಕಬ್ಬಿನ ಮಡ್ಡಿ, ಪಟ್ಟಣದ ಹಸಿಕಸದಿಂದ ಗ್ಯಾಸು ತೆಗೆದು, ಶುದ್ಧ ಮಾಡಿ, ಒತ್ತಿ ತುಂಬಿ ವಾಹನಗಳಿಗೆ ಕೊಡುವ ದೊಡ್ಡ ಸ್ಥಾವರಗಳಿಗೆ ಕೇಂದ್ರ ಸರ್ಕಾರ ಒತ್ತಾಸೆ ಕೊಡುತ್ತಿದೆ. ಛತ್ತೀಸಗಢದಲ್ಲಿ 2020ರಲ್ಲಿ ಆಗಿನ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಸಗಣಿ ಕೊಳ್ಳಲು ಹೊರಟಾಗ ಪತ್ರಿಕೆಗಳಲ್ಲಿ ನಗೆಚಾಟಿಕೆ ನಡೆಯಿತು. ನನಗೆ ಪುರದ ಎರಡು ಪೈಸೆ ನೆನಪಾಯಿತು. ಗುಜರಾತಿನ ಆನಂದ್ ಜಿಲ್ಲೆಯ ಜಕರಿಯಾಪುರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಮನೆಗಳ ಹಿತ್ತಿಲಲ್ಲಿ ಸಣ್ಣ ಸ್ಥಾವರ, ಗ್ಯಾಸು ಮನೆಯ ಒಲೆಗೆ, ಉಳಿದ ಬಗ್ಗಡವನ್ನು ಹೆಂಗಸರದೇ ಸಹಕಾರ ಸಂಘ ಒಟ್ಟುಮಾಡಿ ಗೊಬ್ಬರವಾಗಿ ಮಾರುತ್ತದೆ. ಹಾಲಿನ ಸಂಘದ ಹಾಗೆ ಸಗಣಿಯ ಸಂಘ. ಮೈಗೆ ಯಂತ್ರ ಕಟ್ಟಿ ಹೊಗೆ ಅಳೆಸಿಕೊಂಡ ಹೆಂಗಸರಿದ್ದದ್ದೂ ಅದೇ ಗುಜರಾತಿನಲ್ಲಿ.

ನಮ್ಮ ತವರಿನ ಸ್ಥಾವರ ಈಗಲೂ ಇದೆ. ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ಎರಡು ಸಲ ಬದಲಾಯಿತು. ಕೊಟ್ಟಿಗೆಯಲ್ಲಿ ಒಂಬತ್ತಿದ್ದ ದನ ಮೂರಕ್ಕೆ ಇಳಿದಿವೆ, ನೋಡಿಕೊಳ್ಳುವವರಿಲ್ಲ. ಬೆಳಗಿನ ಚಹಾ, ದೋಸೆ, ಒಂದು ಪಲ್ಯಕ್ಕೆ ಗ್ಯಾಸು ಸಾಕಾಗುತ್ತದೆ, ಮಿಕ್ಕಿದ್ದಕ್ಕೆ ಸಿಲಿಂಡರು. ಹೋದ ಸಲ ಹೋದಾಗ ಅತ್ತಿಗೆ ಪಕ್ಕದ ತೋಟದವರಿಗೆ ಬಗ್ಗಡ ಅಳೆದು ಕೊಡುತ್ತಿದ್ದಳು, ಬ್ಯಾರಲ್ಲಿಗೆ ಇಷ್ಟು ಎಂದು. ಅವರೆಲ್ಲ ಹಾಕುವುದು ವೆನಿಲ್ಲಾ ಬಳ್ಳಿಗೋ ಕಾಳುಮೆಣಸಿಗೋ. ಲೆಕ್ಕವನ್ನು ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತಾಳೆ. ಎಷ್ಟಾಯಿತು ಎಂದು ಅಣ್ಣ ನನ್ನೆದುರಿಗೇ ಕೇಳಿದ. ಅವಳು ಪೆನ್ನಿನ ಮುಚ್ಚಳ ಹಾಕಿ, ಡೈರಿ ಮೊಳೆಗೆ ಸಿಕ್ಕಿಸಿ, "ನಿಮ್ಮ ಅಡಿಕೆ ಎಷ್ಟಕ್ಕೆ ಹೋಯಿತು ಅಂತ ನಾನು ಕೇಳಿದ್ದೇನಾ?" ಎಂದು ದೋಸೆ ಹಂಚು ಇಡಲು ಹೋದಳು.